ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ

ನ್ಯಾಯಾಲಯದ ಹಳೆಯ ಕಟ್ಟಡದ ಐದು ಮಹಡಿಗಳಿಗೂ ಇದ್ದದ್ದು ಒಂದೇ ಲಿಫ್ಟು. ಅದನ್ನು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದವನಿಗೆ ವಕೀಲರ ಕೋಣೆಯವರು ‘ವಿದೇಶಾಂಗ ಸಚಿವ’ ಎಂದು ಅಡ್ಡಹೆಸರಿಟ್ಟಿದ್ದರು. ಅವರು ಇಟ್ಟದ್ದು ಗೇಲಿಗೆ; ಇವನು ಅದನ್ನು ಪದವಿಯೆಂದೇ ಸ್ವೀಕರಿಸಿದ್ದ.

ಗುಂಡಿ ಒತ್ತಿದರೆ ಏರುವ ಲಿಫ್ಟಲ್ಲ ಅದು. ಮಡಚುವ ಕಬ್ಬಿಣದ ಜಾಲರಿ ಬಾಗಿಲು, ಮೂಲೆಯಲ್ಲೊಂದು ಮರದ ಸ್ಟೂಲು, ಅದರ ಪಕ್ಕದಲ್ಲಿ ಅಂಗೈ ತಾಗಿ ತಾಗಿ ಹೊಳಪೇರಿದ ಹಿತ್ತಾಳೆಯ ಹಿಡಿ. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ. ನಡುವಿಗೆ ತಂದರೆ ಎಲ್ಲಿದೆಯೋ ಅಲ್ಲೇ ನಿಲುಗಡೆ. ಇಷ್ಟು ಅಧಿಕಾರವೂ ಮನುಷ್ಯನ ತಲೆ ತಿರುಗಿಸಲು ಸಾಕು ಎಂಬುದನ್ನು ಬಲ್ಲವನು ಭಗವಂತನೊಬ್ಬನೇ.

ಎಂಟು ಮಡಿಕೆ ಮಾಡಿದ ದಿನಪತ್ರಿಕೆ ಅವನ ತೊಡೆಯ ಕೆಳಗೆ ಬೆಚ್ಚಗಿರುತ್ತಿತ್ತು. ನೆಲಮಹಡಿಯಲ್ಲಿ ಬಾಗಿಲೆಳೆದನೆಂದರೆ ಮೊದಲ ಮಹಡಿ ಬರುವಷ್ಟರಲ್ಲಿ ಒಂದು ಖಂಡದ ರಾಜಕೀಯ ಮುಗಿಯಬೇಕು. ಕದನವಿರಾಮವೆಂದರೆ ಮದ್ದುಗುಂಡು ಮುಗಿದಿದೆ ಎಂದು ಮರ್ಯಾದೆಯಿಂದ ಒಪ್ಪಿಕೊಳ್ಳುವ ರೀತಿಯಂತೆ. ಶಾಂತಿ ಮಾತುಕತೆಯೆಂದರೆ ಮೇಜು ದೊಡ್ಡದು, ಮನಸ್ಸು ಚಿಕ್ಕದು. ಲೋಕದ ದೇಶಗಳೆಲ್ಲ ಸೇರಿ ಕೂರುವ ಮಹಾಸಭೆಯೆಂದರೆ ಖಂಡಿಸುವುದಕ್ಕೇ ಸಂಬಳ ಪಡೆಯುವವರ ಮನೆ. ಸುಂಕ ಏರಿಸುವವನು ಗೂಳಿ, ಇಳಿಸುವವನು ಕುರಿ. ತೈಲದ ಹಡಗು ತಡೆದವನು ಕಳ್ಳ, ತಡೆಸಿಕೊಂಡವನು ಕಳ್ಳನ ಪಾಲುದಾರ. ಎಲ್ಲ ರಾಜಧಾನಿಗಳ ಒಳಸಂಚೂ ಅವನಿಗೆ ಗೊತ್ತು. ಯಾರ ಬೆನ್ನ ಹಿಂದೆ ಯಾರಿದ್ದಾರೆ, ಆ ಯಾರ ಹಿಂದೆ ಇನ್ಯಾರು ದಾರ ಎಳೆಯುತ್ತಿದ್ದಾರೆ ಎಂಬುದನ್ನು ಅವನು ಮೂಗು ಮುರಿದುಕೊಂಡು ಬಿಡಿಸಿ ಹೇಳುತ್ತಿದ್ದ. ಹೇಳಿದ್ದರಲ್ಲಿ ನಿಜವೂ ಸಾಕಷ್ಟಿತ್ತೆಂಬುದೇ ದುಃಖದ ಮಾತು. ಇರದಿದ್ದುದು ಮರುಕ. ಬಾಂಬಿಗೆ ಸಿಕ್ಕ ಊರಿನ ಸತ್ತವರ ಲೆಕ್ಕವನ್ನು ಅವನು ಆಟದ ಅಂಕಗಳಂತೆ ಒಪ್ಪಿಸುತ್ತಿದ್ದ. ಅಳುವವರಿರುವ ಲೋಕವನ್ನು ಹೀಗಳೆಯುವವನ ಕಣ್ಣು ಒಣಗಿಯೇ ಇರುತ್ತದೆ.

ಯಾರಾದರೂ ಎದುರಾಡಿದರೆ ಹಿತ್ತಾಳೆಯ ಹಿಡಿ ನಡುವಿಗೆ ಬರುತ್ತಿತ್ತು. ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಜಾಲರಿಯಾಚೆ ಕಾಣುವುದು ಸುಣ್ಣ ಉದುರಿದ ಗೋಡೆ ಮಾತ್ರ. ಒಪ್ಪಿದವನಿಗೆ ಬಿಡುಗಡೆ, ಒಪ್ಪದವನಿಗೆ ಉಪನ್ಯಾಸ. ರೂಢಿಯಾದವರು ಕಾಲಿಟ್ಟ ಕೂಡಲೇ “ಹೌದಣ್ಣ, ನೀವು ಹೇಳಿದ್ದೇ ಸರಿ” ಎಂದುಬಿಡುತ್ತಿದ್ದರು. ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಅವನ ಹೆಂಡತಿ ಒಂದು ಸಂಜೆ ತರಕಾರಿ ಹೆಚ್ಚುತ್ತಲೇ ಹೇಳಿದ್ದಳು: “ಆ ಪರದೇಶದ ಅಧ್ಯಕ್ಷರು ಫೋನ್ ಮಾಡಿ ಕೇಳ್ದಾಗ ಹೇಳುವಿರಂತೆ. ಈಗ ಎದ್ದು ಆ ನಲ್ಲಿಗೊಂದು ವಾಷರ್ ಹಾಕಿ.”

ಒಂದು ಸೋಮವಾರ, ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ, ವಯಸ್ಸಾದ ಹೆಂಗಸೊಬ್ಬಳು ಮಂಡಿ ಹಿಡಿದುಕೊಂಡು ಲಿಫ್ಟಿನೊಳಗೆ ಬಂದಳು. ಆಸ್ಪತ್ರೆಯ ಬಟ್ಟೆಮನೆಯಲ್ಲಿ ಹಾಸಿಗೆ ಹೊದಿಕೆ ಮಡಚುವ ಕೆಲಸದವಳು. ಮಗಳು ತೀರಿಹೋಗಿದ್ದಳು, ಆರು ವರ್ಷದ ಮೊಮ್ಮಗಳನ್ನು ಹಸುಗೂಸಾಗಿದ್ದಾಗಿನಿಂದ ಸಾಕಿದವಳು ಇವಳೇ. ಇಷ್ಟು ಕಾಲ ಮಗುವಿನ ಮುಖ ನೋಡದ ಅಳಿಯ ಮರುಮದುವೆಯಾಗಿ, ಈಗ ಹೊಸ ಕೂಸಿಗೆ ತೊಟ್ಟಿಲು ತೂಗಲು ಕೈ ಬೇಕಾಗಿ, ಮಗುವನ್ನು ಕೇಳುತ್ತಿದ್ದ. ಮಗು ತನ್ನಲ್ಲೇ ಇರಲೆಂದು ಅಜ್ಜಿ ಅರ್ಜಿ ಹಾಕಿದ್ದಳು. ಹಿಂದಿನ ವಿಚಾರಣೆಗೆ ಮಂಡಿ ಊದಿ ಬರಲಾಗಿರಲಿಲ್ಲ. ಇನ್ನೊಂದು ಸಲ ಕೂಗಿದಾಗ ಇಲ್ಲದಿದ್ದರೆ ಅರ್ಜಿ ವಜಾ, ಅಂದೇ ಸಂಜೆ ಮಗು ತಂದೆಯ ಮನೆಗೆ ಎಂದು ನ್ಯಾಯಾಧೀಶೆ ಕಟ್ಟಾಜ್ಞೆ ಮಾಡಿದ್ದರು.

“ನಾಲ್ಕನೇ ಮಹಡಿಯಪ್ಪ. ಹನ್ನೊಂದಕ್ಕೇ ಕೂಗ್ತಾರಂತೆ. ನನ್ನ ಮಗೂದು” ಎಂದಳು. ಅವನು ತಲೆಯಾಡಿಸಿದ. ಕಿವಿಗೆ ಬಿದ್ದದ್ದು ‘ನಾಲ್ಕು’ ಮಾತ್ರ.

ಬಾಗಿಲು ಮುಚ್ಚುವಾಗ ಕನ್ನಡಕದ ಗುಮಾಸ್ತನೊಬ್ಬ ಕಡತಗಳೊಡನೆ ನುಗ್ಗಿದ. ಎದುರು ಪಕ್ಷದ, ಅಂದರೆ ಅಳಿಯನ ವಕೀಲರ ಗುಮಾಸ್ತ ಅವನು. ಎಂದೂ ಲಿಫ್ಟು ಹತ್ತದೆ ಎರಡೆರಡು ಮೆಟ್ಟಿಲು ಹಾರಿ ಹೋಗುವವನು. ಮೊದಲ ಮಹಡಿ ದಾಟುತ್ತಲೇ ಅವನು ಕನ್ನಡಕ ಒರೆಸಿಕೊಳ್ಳುತ್ತ, ಯಾರನ್ನೂ ಉದ್ದೇಶಿಸದವನಂತೆ ನುಡಿದ: “ಯಾರು ಏನೇ ಅನ್ನಲಿ, ಆ ಎರಡು ದೇಶಗಳ ಯುದ್ಧ ನಿಲ್ಲಿಸಿದ ಅಧ್ಯಕ್ಷ ನಿಜವಾದ ಶಾಂತಿಪ್ರಿಯ ಮನುಷ್ಯ. ಈ ಕದನವಿರಾಮ ನೂರು ವರ್ಷ ನಿಲ್ಲತ್ತೆ ನೋಡಿ.”

ಎರಡನೆಯ ಮಹಡಿ ಕೆಳಗಿಳಿಯಿತು. ಹಿಡಿ ನಡುವಿಗೆ ಬಂತು. ಲಿಫ್ಟು ಸುಣ್ಣ ಉದುರಿದ ಗೋಡೆಯೆದುರು ನಿಂತಿತು.

ಆಮೇಲೆ ಬಂದದ್ದು ಪ್ರವಾಹ. ಹಿಂದಿನ ಏಳು ಕದನವಿರಾಮಗಳು ಎಷ್ಟೆಷ್ಟು ದಿನ ಬಾಳಿದವು, ಯಾವ ಸಹಿಯ ಮಸಿ ಆರುವ ಮುಂಚೆ ಯಾವ ಸೇತುವೆ ಉರುಳಿತು, ಶಾಂತಿಯ ಹೆಸರಿನಲ್ಲಿ ಯಾರ ಕಾರ್ಖಾನೆ ಮೂರು ಪಾಳಿ ನಡೆಯಿತು ಎಂಬುದೆಲ್ಲ ಹೊರಬಿತ್ತು. ಗುಮಾಸ್ತ ಪ್ರತಿ ಸಲವೂ ಒಂದೇ ಒಂದು ಎದುರುಮಾತಿನ ಸೌದೆ ಒಟ್ಟುತ್ತಿದ್ದ. ಮುದುಕಿ ಮೊದಲು ಬೇಡಿಕೊಂಡಳು, ಆಮೇಲೆ ಜಾಲರಿ ಹಿಡಿದು ಅಲ್ಲಾಡಿಸಿದಳು. “ಒಂದ್ನಿಮಿಷ ಇರಮ್ಮ, ಇವರಿಗೆ ಲೋಕಜ್ಞಾನ ಸಾಲದು” ಎಂದು ಅವನು ಅವಳ ಕಡೆ ತಿರುಗದೆಯೇ ಕೈಯೆತ್ತಿ ತಡೆದ. ಲಿಫ್ಟು ಮತ್ತೆ ಕದಲಿದಾಗ ಹನ್ನೊಂದು ದಾಟಿ ಆರು ನಿಮಿಷ. ನಾಲ್ಕನೆಯ ಮಹಡಿಯಲ್ಲಿ ಅವಳ ಹೆಸರಿನ ಮೂರು ಕೂಗೂ ಮುಗಿದು ಅರ್ಜಿ ವಜಾ ಆಗಿತ್ತು.

ಸ್ವಲ್ಪ ಹೊತ್ತಿಗೆ ಗುಮಾಸ್ತ ಮೆಟ್ಟಿಲಿಳಿದು ಬಂದು ನೆಲಮಹಡಿಯಲ್ಲಿ ಅವನ ಭುಜ ತಟ್ಟಿದ. “ಯೋಚನೆ ಮಾಡಿ ನೋಡಿದೆ ಅಣ್ಣ. ನೀವು ಹೇಳಿದ್ದೇ ಸರಿ. ಆ ಅಧ್ಯಕ್ಷ ದೊಡ್ಡ ಮೋಸಗಾರ.”

ಇವನ ಎದೆ ಉಬ್ಬಿತು. ಬಿಡುಗಡೆ ಬೇಕಾಗಿ ಒಪ್ಪಿದವರುಂಟು. ಲಿಫ್ಟಿನಿಂದಿಳಿದ ಮೇಲೆ ತಾನಾಗಿ ಬಂದು ಒಪ್ಪಿದವರು ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬರೂ ಇರಲಿಲ್ಲ. ಆ ಸಂತೋಷದಲ್ಲೇ ಕಣ್ಣೆತ್ತಿದಾಗ ಮೆಟ್ಟಿಲ ಮೇಲೆ ಮುದುಕಿ ಕಂಡಳು. ಅವನ ಲಿಫ್ಟು ಖಾಲಿಯಿದ್ದರೂ ಅದರ ಕಡೆ ನೋಡದೆ, ಒಂದೊಂದು ಮೆಟ್ಟಿಲಿಗೂ ಕುಳಿತು, ಜರುಗಿ, ಮತ್ತೊಂದಕ್ಕೆ ಇಳಿಯುತ್ತಿದ್ದಳು. ಬಾಗಿಲ ಬಳಿ ನಿಂತಿದ್ದ ಅಳಿಯ ಗುಮಾಸ್ತನ ಕೈ ಕುಲುಕಿದ. ಇಬ್ಬರೂ ಲಿಫ್ಟಿನತ್ತ ನೋಡಿ ನಕ್ಕರು.

ಅಜ್ಜಿಯ ಅರ್ಜಿ ವಜಾ ಆದದ್ದನ್ನೂ ಗುಮಾಸ್ತ ಅವಳ ಅಳಿಯನ ಕಡೆಯವನೆಂಬುದನ್ನೂ ಬಾಗಿಲ ಕಾವಲುಗಾರ ಹೇಳಿದಾಗ ಅವನಿಗೆ ಹೊಳೆಯಿತು. ಸಾಗರಗಳಾಚೆಯ ಸಂಚುಗಳನ್ನೆಲ್ಲ ಬಯಲಿಗೆಳೆದವನು ತನ್ನ ನಾಲ್ಕಡಿ ಪೆಟ್ಟಿಗೆಯೊಳಗಿನ ಸಂಚಿಗೆ ಹಿಡಿಕೆಯಾಗಿದ್ದ. ಗಾಳ ಹಾಕಿದವನಿಗೆ ಹುಳುವೂ ಬೇಕಾಗಿರಲಿಲ್ಲ. ಒಂದು ಅಭಿಪ್ರಾಯ ಸಾಕಾಗಿತ್ತು. ಇಂಥ ಮನುಷ್ಯನನ್ನು ಕಂಡು ಹೇಸಬೇಕೆಂದರೆ ಹೇಸಬಹುದು. ಆ ಗಳಿಗೆಯಲ್ಲಿ ಅವನೇ ತನ್ನನ್ನು ಕಂಡು ಹೇಸಿದ, ಅದೊಂದೇ ಅವನ ಪಾಲಿನ ದೈವಕೃಪೆ.

ಕಾವಲುಗಾರ ಕಿವಿಯಲ್ಲಿ ಉಪಾಯ ಹೇಳಿಕೊಟ್ಟ: ಕರೆಂಟು ಹೋಗಿತ್ತು ಎಂದುಬಿಡು, ಅರ್ಜಿಯೂ ಉಳಿಯುತ್ತದೆ, ನಿನ್ನ ಕೆಲಸವೂ ಉಳಿಯುತ್ತದೆ. ಆದರೆ ಕಟ್ಟಡದ ದೀಪಗಳೆಲ್ಲ ಉರಿಯುತ್ತಿದ್ದುದನ್ನು ನೂರು ಜನ ನೋಡಿದ್ದರು. ಆ ಸುಳ್ಳನ್ನು ಎದುರು ವಕೀಲರು ಒಂದೇ ಪ್ರಶ್ನೆಯಲ್ಲಿ ಹರಿದುಹಾಕುತ್ತಿದ್ದರು, ಅದರೊಡನೆ ಮಗುವೂ ಹೋಗುತ್ತಿತ್ತು. ಅವನು ಮುದುಕಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿ, ಮೇಲೇರಿ ಹೋಗಿ, ಕಲಾಪದ ನಡುವೆಯೇ ಕೈಮುಗಿದು ನಿಂತ.

“ಅಜ್ಜಿ ಹೊತ್ತಿಗೆ ಸರಿಯಾಗೇ ಬಂದಿದ್ರು ತಾಯಿ. ಅದು… ಆ ಎರಡು ದೇಶಗಳ ಕದನವಿರಾಮದ ವಿಚಾರದಲ್ಲಿ…”

“ದೇಶಗಳನ್ನ ಬಿಡಿ,” ಎಂದರು ನ್ಯಾಯಾಧೀಶೆ. “ಲಿಫ್ಟ್ ನಿಲ್ಲಿಸಿದ್ದು ಯಾರು?”

“ನಾನು.”

“ಕೆಟ್ಟಿತ್ತಾ?”

“ಇಲ್ಲ.”

“ಮತ್ಯಾಕೆ?”

ಇಪ್ಪತ್ತೆರಡು ವರ್ಷ ಲೋಕವನ್ನೆಲ್ಲ ದೂರಿದ ನಾಲಗೆ ಈಗ ತನ್ನನ್ನೇ ದೂರಿತು. “ಎದುರು ವಕೀಲರ ಗುಮಾಸ್ತರು ನನ್ನ ಮಾತು ಒಪ್ಪಲಿಲ್ಲ, ಅದಕ್ಕೆ. ಕೆಣಕಿದ್ರೆ ನಿಲ್ಲಿಸ್ತೀನಿ ಅಂತ ಈ ಕಟ್ಟಡಕ್ಕೆಲ್ಲ ಗೊತ್ತು. ಅವರು ಬೇಕಂತಲೇ ಕೆಣಕಿದ್ರು. ನಾನು ಕುಣಿದೆ.”

ವಕೀಲರ ಸಾಲಿನಲ್ಲಿ ನಗು ಎದ್ದಿತು. ನ್ಯಾಯಾಧೀಶೆ ನಗಲಿಲ್ಲ. ಅಷ್ಟನ್ನೂ ಬರೆದು ಸಹಿ ಮಾಡೆಂದರು, ಮಾಡಿದ. ವಜಾ ಆದೇಶ ಹಿಂತೆಗೆದು ಮಧ್ಯಾಹ್ನಕ್ಕೆ ಅರ್ಜಿ ಕೈಗೆತ್ತಿಕೊಂಡರು. ಗುಮಾಸ್ತನ ವಕೀಲರನ್ನು ತಮ್ಮ ಕೊಠಡಿಗೆ ಕರೆಸಿ ಏನು ಹೇಳಿದರೋ, ಅವರು ಕೆಂಪೇರಿದ ಮುಖದಲ್ಲಿ ಹೊರಬಂದರು. ಮೂರು ಗಂಟೆಗೆ ಮಗು ಅಜ್ಜಿಯ ಬಳಿಯೇ ಇರಲೆಂದು ಆದೇಶವಾಯಿತು. ನಾಲ್ಕಕ್ಕೆ ಇವನಿಗೂ ಒಂದು ಕಾಗದ ಬಂತು: ನಾಳೆಯಿಂದ ಲಿಫ್ಟು ಬೇರೆಯವರಿಗೆ, ಇವನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ.

ಅವನು ಕಾಗದವನ್ನು ಜೇಬಿಗಿಟ್ಟುಕೊಂಡು ನಾಲ್ಕನೆಯ ಮಹಡಿಗೆ ಹೋಗಿ ಜಾಲರಿ ತೆರೆದು ನಿಂತ. ಆದೇಶದ ಪ್ರತಿಯನ್ನು ಎದೆಗೊತ್ತಿಕೊಂಡು ಬಂದ ಅಜ್ಜಿ ಆ ತೆರೆದ ಬಾಗಿಲನ್ನೊಮ್ಮೆ ನೋಡಿ, ಮೆಟ್ಟಿಲ ಕಡೆಗೇ ನಡೆದಳು. ಅವನು ಲಿಫ್ಟನ್ನು ಹಾಗೆಯೇ ಬಿಟ್ಟು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು ಭುಜ ಕೊಟ್ಟ. ಅವಳು ಅದರ ಮೇಲೆ ಕೈಯಿಟ್ಟಳು. ಎರಡು ಮೆಟ್ಟಿಲು ಇಳಿದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

“ಮಾತಾಡಬೇಡಪ್ಪ,” ಎಂದಳು ಅಜ್ಜಿ. “ಮೆಟ್ಟಿಲು ನೋಡ್ಕೊಂಡು ಇಳಿ.”