ಮೊದಲು ಕಪ್ಪೆಯನ್ನು ಅನುಮಾನಿಸು

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ಮೈಕ್ರೋಸ್ಕೋಪಿಗೆ ಬಲಗಣ್ಣು ಹಚ್ಚಿ ಎಡಗಣ್ಣನ್ನು ಕಿರಿದು ಮಾಡಿ ಮಾಡಿ, ಕೊನೆಗೆ ಆ ಕಣ್ಣು ತರಕಾರಿ ಕೊಳ್ಳುವಾಗಲೂ ದೇವರಿಗೆ ಕೈಮುಗಿಯುವಾಗಲೂ ಹಾಗೇ ಉಳಿದುಬಿಟ್ಟಿತ್ತು. ಎದುರಿಗೆ ನಿಂತವರಿಗೆ ಈಕೆ ತಮ್ಮನ್ನು ನಂಬುತ್ತಿಲ್ಲ ಎಂದೇ ಅನಿಸುತ್ತಿತ್ತು. ನಾನು ಮದುವೆಯಾಗಿ ಮದರಾಸಿಗೆ ಬಂದ ದಿನ, ಆರತಿಗೆ ಸೇರಿದ್ದ ಹೆಂಗಸರ ಹಿಂದೆ ನಿಂತು ಆ ಅರ್ಧ ಕಣ್ಣಿನಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನೂ ಬಿಡಲಿಲ್ಲ, ತಿರುಗಿ ಹಾಗೇ ನೋಡಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಜಾರ್ಜ್ ಟೌನಿನ ಒಂದು ಓಣಿಯಲ್ಲಿ ನಮ್ಮ ವಠಾರ. ಕೆಳಗೆ ಅತ್ತೆ, ರೈಲ್ವೆ ಗುಮಾಸ್ತರಾದ ನನ್ನ ಗಂಡ, ನಾನು. ಮಹಡಿಯ ಒಂಟಿ ಕೋಣೆಯಲ್ಲಿ ಆ ಅರ್ಧಗಣ್ಣಿನವರು. ಮೈಸೂರಿನ ಕಡೆಯವರು, ನಲವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಪ್ಯಾರೀಸ್ ಕಾರ್ನರಿನ ಹತ್ತಿರ ಒಬ್ಬ ಡಾಕ್ಟರ ಲ್ಯಾಬಿನಲ್ಲಿ ಕೆಲಸ. ನಾನು ಅವರನ್ನು ಲ್ಯಾಬ್ ಅಕ್ಕ ಎನ್ನುತ್ತಿದ್ದೆ. ಓಣಿಯ ಮಕ್ಕಳು ತಮಿಳಿನಲ್ಲಿ ತವಳೈ ಮಾಮಿ, ಅಂದರೆ ಕಪ್ಪೆ ಮಾಮಿ ಎಂದು ಕೂಗಿ ಓಡಿಹೋಗುತ್ತಿದ್ದವು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಆಗೆಲ್ಲ ಹೆಂಗಸು ಬಸಿರೋ ಅಲ್ಲವೋ ಎಂದು ಲ್ಯಾಬಿನಲ್ಲಿ ಹೇಳುತ್ತಿದ್ದದ್ದು ಕಪ್ಪೆ. ಹೆಂಗಸಿನ ಬೆಳಗಿನ ಮೂತ್ರವನ್ನು ಗಂಡು ನೆಲಗಪ್ಪೆಯ ಬೆನ್ನಿನ ಚರ್ಮದಡಿಗೆ ಸೂಜಿಯಿಂದ ಹಾಕುವುದು. ಬಸಿರಾಗಿದ್ದರೆ ಆ ಮೂತ್ರದಲ್ಲಿ ಒಂದು ರಸ ಇರುತ್ತದೆ. ಅದು ಮೂರು ಗಂಟೆಯೊಳಗೆ ಕಪ್ಪೆಯ ಬೀಜಾಣುಗಳನ್ನು, ಅಂದರೆ ವೀರ್ಯಾಣುಗಳನ್ನು, ಹೊರಡಿಸುತ್ತದೆ. ಆಮೇಲೆ ಕಪ್ಪೆ ಬಿಟ್ಟ ನೀರನ್ನು, ಅಂದರೆ ಅದರ ಮೂತ್ರವನ್ನು, ಒಂದು ತೊಟ್ಟು ಗಾಜಿನ ಮೇಲಿಟ್ಟು ನೋಡಿದರೆ ದಾರದ ಚೂರುಗಳ ಹಾಗೆ ಕಾಣುತ್ತವೆ. ಹಿಂದೆ ಇದೇ ಪರೀಕ್ಷೆಗೆ ಮೊಲವನ್ನು ಕೊಯ್ಯಬೇಕಿತ್ತಂತೆ. "ಕಪ್ಪೆ ಪಾಪ, ಸಾಯೋದಿಲ್ಲ. ಹದಿನೈದು ದಿನ ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ಬರತ್ತೆ, ನನ್ನ ಹಾಗೆ," ಎನ್ನುತ್ತಿದ್ದರು ಅವರು.

ಅನುಮಾನ ಅವರಿಗೆ ಕಸುಬಾಗಿತ್ತು. ತೊಳೆದು ಕೊಟ್ಟ ಲೋಟವನ್ನು ಮತ್ತೆ ತೊಳೆದು ಕಾಫಿ ಕುಡಿಯುವರು. ಹಾಲನ್ನು ಕಾಯಿಸುವ ಮುಂಚೆ ಒಮ್ಮೆ, ಕಾಯಿಸಿದ ಮೇಲೆ ಒಮ್ಮೆ ಮೂಸುವರು. ಬೀಗ ಹಾಕಿ ಮೂರು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಹೋಗಿ ಬೀಗ ಎಳೆದು ನೋಡುವರು. ಕೆಲಸದ ಮಾತು ಬಂದರೆ ಒಂದೇ ವಾಕ್ಯ: "ಮೊದಲು ಕಪ್ಪೆಯನ್ನ ಅನುಮಾನಿಸು, ಆಮೇಲೆ ಬಾಟ್ಲಿಯನ್ನ." ಸೂಜಿ ಚುಚ್ಚುವ ಮುಂಚೆಯೇ ಕಪ್ಪೆಯ ನೀರು ನೋಡಬೇಕು, ಅದು ಖಾಲಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು, ಬಾಟಲಿ ಶುಚಿಯಾಗಿದೆಯೇ ನೋಡಬೇಕು ಎಂಬುದು ಅದರ ಅರ್ಥ.

ನನಗೆ ಅವರ ಮೇಲೆ ಇದ್ದದ್ದು ಬೇರೆಯೇ ಅನುಮಾನ. ನನ್ನ ಅತ್ತೆ ಹುಟ್ಟಿ ಬೆಳೆದದ್ದೆಲ್ಲ ಮದರಾಸಿನಲ್ಲಿ. ಓದಿದ್ದು ತಮಿಳು, ಕನ್ನಡ ಮಾತಾಡುತ್ತಿದ್ದರೇ ಹೊರತು ಅಕ್ಷರ ಬರುತ್ತಿರಲಿಲ್ಲ. ಆದರೂ ಉಡುಪಿಯ ಕಡೆಯಿಂದ ನನ್ನ ಅಪ್ಪಯ್ಯನ ಕಾಗದ ಬಂದರೆ ಅದು ಮೊದಲು ಅವರ ಕೈಗೆ, ಅಲ್ಲಿಂದ ಮಹಡಿಗೆ. ಲ್ಯಾಬ್ ಅಕ್ಕ ಗಟ್ಟಿಯಾಗಿ ಓದುವರು, ಅತ್ತೆ ಕೇಳುವರು, ಆಮೇಲೆ ನನ್ನ ಕೈಗೆ ಬರುವುದು. ನನ್ನ ಅಪ್ಪಯ್ಯ ನನಗೆ ಬರೆದದ್ದನ್ನು ಕೊನೆಯವಳಾಗಿ ನಾನು ಓದಬೇಕು. ಆ ಅರ್ಧಗಣ್ಣಿನ ಹೆಂಗಸು ಓದುವಾಗ ಇನ್ನೇನೇನು ಸೇರಿಸಿ ಹೇಳುತ್ತಾಳೋ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಅದಕ್ಕೇ ಒಂದು ಉಪಾಯ ಮಾಡಿದೆ. ಪ್ಯಾರೀಸ್ ಕಾರ್ನರಿನ ಒಂದು ಉಡುಪಿ ಹೋಟೆಲಿನಲ್ಲಿ ನಮ್ಮ ಊರಿನ ಅಡಿಗೆಭಟ್ಟರೊಬ್ಬರಿದ್ದರು. ನಿಜವಾದ ಸಂಗತಿಯನ್ನು ಅವರ ವಿಳಾಸಕ್ಕೆ ಬರೆಯಲು ಅಪ್ಪಯ್ಯನಿಗೆ ತಿಳಿಸಿದೆ. ಗಂಡ ಐದು ತಿಂಗಳ ತರಬೇತಿಗೆ ಗುಂತಕಲ್ಲಿಗೆ ಹೋದ ಮೇಲೆ, ಅತ್ತೆ ಮಧ್ಯಾಹ್ನ ಮಲಗಿದ್ದಾಗ, ನಾನು ಹೋಟೆಲಿನ ಹಿಂಬಾಗಿಲಿಗೆ ಹೋಗಿ ಕಾಗದ ಇಸಿದುಕೊಂಡು ಬರುತ್ತಿದ್ದೆ. ಅಪ್ಪಯ್ಯನಿಗೆ ಎದೆನೋವು ಶುರುವಾಗಿತ್ತು. ಕಾಗದದಿಂದ ಕಾಗದಕ್ಕೆ ಅಕ್ಷರ ನಡುಗುವುದು ಹೆಚ್ಚುತ್ತಿತ್ತು. ಹೇಳಿಕೊಳ್ಳಲು ಯಾರೂ ಇಲ್ಲ. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೇ ಎದ್ದುಬಿಡುತ್ತಿದ್ದೆ. ಎರಡು ತಿಂಗಳಲ್ಲಿ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದೆ.

ನಮ್ಮ ಮನೆಯಲ್ಲಿ ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿ. ಹಿತ್ತಲಿನ ಕೋಣೆಯಲ್ಲಿ ಚಾಪೆ ಬೇರೆ, ತಟ್ಟೆ ಬೇರೆ. ಹಾಗಾಗಿ ಯಾರು ಯಾವಾಗ ಹೊರಗಾದರು ಎಂಬುದು ಇಡೀ ವಠಾರಕ್ಕೆ ಗೊತ್ತು. ಆಗಲಿಲ್ಲ ಎಂಬುದು ಇನ್ನೂ ಚೆನ್ನಾಗಿ ಗೊತ್ತು. ಗಂಡ ಹೋದ ಮೇಲೆ ನಾನು ಒಂದು ಸಲ ಹೊರಗೆ ಕೂತೆ. ಆಮೇಲೆ ಎರಡು ತಿಂಗಳು ಇಲ್ಲ. ಗಂಡ ದೂರವಿದ್ದಾಗ ಸೊಸೆಗೆ ಹೀಗೆ ನಿಂತುಹೋದರೆ ಅತ್ತೆಯಾದವಳು ಯಾವ ಲೆಕ್ಕ ಹಾಕುತ್ತಾಳೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಮಾತ್ರ ಅದು ಹೊಳೆಯಲೇ ಇಲ್ಲ. ತಪ್ಪು ಮಾಡದವರಿಗೆ ಅಂಥದ್ದು ಬೇಗ ಹೊಳೆಯುವುದಿಲ್ಲ.

ಒಂದು ಬೆಳಿಗ್ಗೆ ಅತ್ತೆ ಒಂದು ಬಾಟಲಿ ಕೊಟ್ಟು, "ಹೀಗೆ ಇಳೀತಿದ್ಯಲ್ಲ, ಸಕ್ಕರೆ ಕಾಯಿಲೆ ಏನೋ, ನೋಡ್ಬೇಕು. ಸುಮ್ಮಾ ಒಂದ್ಸಲ ಟೆಸ್ಟ್ ಮಾಡಿಸೋಣ," ಎಂದರು. ತುಂಬಿಸಿ ಕೊಟ್ಟೆ. ಬಾಟಲಿ ಲ್ಯಾಬ್ ಅಕ್ಕನ ಕೈಚೀಲದಲ್ಲಿ ಹೋಯಿತು. ಆ ಸಂಜೆ ಅತ್ತೆ ಮಹಡಿಗೆ ಹೋಗಿ ಬಂದವರು ನನ್ನೊಡನೆ ಮಾತು ಬಿಟ್ಟರು.

ಮಾರನೆಯ ದಿನ ಬೆಳಿಗ್ಗೆ ನನ್ನ ಟ್ರಂಕು ನಡುಮನೆಯಲ್ಲಿತ್ತು. ಸೀರೆಗಳನ್ನು ಅತ್ತೆಯೇ ಮಡಚಿ ಇಡುತ್ತಿದ್ದರು.

"ಸಾಯಂಕಾಲ ಮಂಗಳೂರು ವಂಡಿಗೆ ಹೊರಡು. ಪಕ್ಕದ ಓಣಿಯವರು ಹೋಗ್ತಿದ್ದಾರೆ, ಜೊತೆ ಆಗತ್ತೆ. ಅಪ್ಪನ ಮನೇಲಿರು. ಅಪ್ಪುರಂ, ಆಮೇಲೆ ನೋಡೋಣ."

ಕಾಗದದ ಗುಟ್ಟು ಒಡೆಯಿತು ಎಂದುಕೊಂಡೆ.

"ತಪ್ಪಾಯ್ತು ಅತ್ತೆ. ಹೋಟೆಲಿನ ಹಿಂದೆ ಹೋಗ್ತಾ ಇದ್ದದ್ದು ಹೌದು. ನಿಮ್ಮತ್ರ ಹೇಳ್ಲಿಕ್ಕೆ ಹೆದರಿಕೆ ಆಯ್ತು," ಎಂದೆ.

ಅತ್ತೆಯ ಕೈ ನಿಂತಿತು. ಮುಖ ಬಿಳುಚಿಕೊಂಡಿತು. "ಸಾಕು. ಇನ್ನೊಂದು ಮಾತು ಆಡ್ಬೇಡ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಂದು ಗುಟ್ಟು ಮುಚ್ಚಿಟ್ಟದ್ದಕ್ಕೆ ಮನೆ ಬಿಡಿಸುವಷ್ಟು ಶಿಕ್ಷೆಯೇ ಎಂದು ನನಗೂ ಸಿಟ್ಟು ಬಂತು. ನನ್ನ ಬಾಯಿಂದಲೇ ನನ್ನ ತಲೆಯ ಮೇಲೆ ಕಲ್ಲು ಹಾಕಿಕೊಂಡೆ ಎಂದು ಆಗ ಗೊತ್ತಾಗಲಿಲ್ಲ. ಎದೆನೋವಿನ ಅಪ್ಪಯ್ಯನ ಮುಂದೆ ನಾನು ಹೀಗೆ ಟ್ರಂಕು ಹಿಡಿದು ನಿಂತರೆ ಅವರು ಉಳಿಯುತ್ತಾರೆಯೇ ಎಂಬುದೊಂದೇ ನನ್ನ ಭಯ.

ಮಧ್ಯಾಹ್ನ ಒಂದು ಗಂಟೆಗೆ ಓಣಿಯಲ್ಲಿ ಕೈರಿಕ್ಷಾ ನಿಂತಿತು. ಕೆಲಸದ ದಿನ ಸಂಜೆಗೆ ಮುಂಚೆ ಎಂದೂ ಬಾರದ ಲ್ಯಾಬ್ ಅಕ್ಕ ಇಳಿದರು. ಮಹಡಿಗೆ ಹೋಗದೆ ನೇರ ನಮ್ಮ ನಡುಮನೆಗೆ ಬಂದು ಟ್ರಂಕು ನೋಡಿದರು, ನನ್ನನ್ನು ನೋಡಿದರು.

"ಮಾಮಿ, ನಿನ್ನೆ ನಾನು ಬರೆದುಕೊಟ್ಟಿದ್ದು ತಪ್ಪು. ಇವಳು ಬಸುರಿ ಅಲ್ಲ."

ಆ ಮಾತು ಕಿವಿಗೆ ಬಿದ್ದಾಗಲೇ ನನ್ನ ಮೇಲೆ ಬಂದಿದ್ದ ಅಪವಾದ ಏನೆಂದು ನನಗೆ ತಿಳಿದದ್ದು. ಟ್ರಂಕಿನ ಮೇಲೇ ಕೂತೆ.

ಅತ್ತೆ ಬಿಡುವವರಲ್ಲ. "ನಿನ್ನೆ ಹೌದು ಅಂದ ಕಪ್ಪೆ ಇವತ್ತು ಇಲ್ಲ ಅನ್ನತ್ತಾ? ಹುಡುಗಿ ಪಾವಂ, ಪಾಪ ಅಂತ ಸುಳ್ಳು ಹೇಳ್ತಿದ್ಯಾ?"

"ಕಪ್ಪೆ ತಪ್ಪು ಹೇಳ್ಲಿಲ್ಲ ಮಾಮಿ, ನಾನೇ ಅದನ್ನ ಕೇಳ್ಲಿಲ್ಲ. ಪಲ್ಲಾವರದಿಂದ ಕಪ್ಪೆ ತರೋನು ಈ ಸಲ ಗಂಡೂ ಹೆಣ್ಣೂ ಒಂದೇ ಮಡಕೇಲಿ ಹಾಕಿ ತಂದಿದ್ದ. ಹಾಗೆ ಬಂದ ಗಂಡಿನ ನೀರಲ್ಲಿ ಸೂಜಿ ಚುಚ್ಚದೇನೂ ಬೀಜಾಣು ಇರತ್ತೆ. ಚುಚ್ಚೋ ಮುಂಚೆ ನೋಡ್ಬೇಕಿತ್ತು. ನಿನ್ನೆ ನೋಡ್ಲಿಲ್ಲ. ಇವತ್ತು ಬೆಳಿಗ್ಗೆ ಐಸ್ ಪೆಟ್ಟಿಗೇಲಿ ಮಿಕ್ಕಿದ್ದನ್ನ ಬೇರೆ ಮೂರು ಕಪ್ಪೆಗೆ ಹಾಕಿದೆ, ಮೂರನ್ನೂ ಮೊದಲು ಪರೀಕ್ಷೆ ಮಾಡಿ. ಮೂರೂ ಖಾಲಿ."

"ಲೋಟ ಎರಡು ಸಲ ತೊಳೆಯೋಳು ನೀನು. ಅದ್ಯಾಕೆ ನೋಡ್ಲಿಲ್ಲ?"

ಲ್ಯಾಬ್ ಅಕ್ಕ ಕೈಚೀಲ ಕೆಳಗಿಟ್ಟರು. ಆ ದಿನ ಅವರ ಎರಡೂ ಕಣ್ಣು ಪೂರ್ತಿ ತೆರೆದಿದ್ದವು.

"ಇವಳು ಹೋಟೆಲಿನ ಹಿಂದೆ ಒಬ್ಬರ ಕೈಯಿಂದ ಏನೋ ಇಸ್ಕೊಳ್ಳೋದು ನೋಡಿದ್ದೆ, ಎರಡು ಸಲ. ನೀವು ಬಾಟ್ಲಿ ಕೊಟ್ಟಾಗಲೇ ಮನಸ್ಸಲ್ಲಿ ತೀರ್ಮಾನ ಮಾಡ್ಬಿಟ್ಟಿದ್ದೆ. ತೀರ್ಮಾನ ಆಗಿದ್ದರಿಂದ ಕಪ್ಪೆ ನೋಡ್ಬೇಕು ಅನ್ನಿಸ್ಲಿಲ್ಲ. ಇವತ್ತು ಬೇರೆಯವರ ಬಾಟ್ಲಿಗೆ ಕಪ್ಪೆ ತೆಗೆದು ನೋಡಿದಾಗ, ಅದೇ ಮಡಕೆಯ ಎರಡರಲ್ಲಿ ಚುಚ್ಚದೇನೇ ಕಾಣಿಸ್ತು. ಕೂಡಲೇ ಇವಳ ಬಾಟ್ಲಿಯಲ್ಲಿ ಮಿಕ್ಕಿದ್ದನ್ನ ಹೊರಗೆ ತೆಗೆದೆ ಮಾಮಿ."

ನಾನು ಎದ್ದು ಟ್ರಂಕಿನ ತಳದಿಂದ ಅಪ್ಪಯ್ಯನ ಕಾಗದಗಳ ಕಟ್ಟು ತೆಗೆದು ಅತ್ತೆಯ ಮುಂದಿಟ್ಟೆ. "ಇದನ್ನೇ ತರ್ಲಿಕ್ಕೆ ಹೋದದ್ದು ನಾನು," ಎಂದೆ. ಅತ್ತೆ ಅವನ್ನು ತಿರುವಿ ನೋಡಿ, ಅಭ್ಯಾಸದಂತೆ ಲ್ಯಾಬ್ ಅಕ್ಕನ ಕಡೆ ಚಾಚಿದರು. ಅವರು ಮೇಲಿನದನ್ನು ಬಿಡಿಸಿ ಓದಲು ಶುರು ಮಾಡಿದರು: "ಮಗಳಿಗೆ ಆಶೀರ್ವಾದ. ರಾತ್ರಿ ನೋವು ಬಂದಾಗ ನಿನ್ನ ನೆನಪಾಗುತ್ತದೆ. ನೀನು ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯೋ ಇಲ್ಲವೋ..." ಅಲ್ಲಿಗೆ ನಿಲ್ಲಿಸಿ, ಮೊದಲಿನ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟರು.

"ಇದು ನಾನು ಓದೋ ಕಾಗದ ಅಲ್ಲ ಮಾಮಿ. ಇಷ್ಟು ದಿನ ಓದಿದ್ದೂ ಸರಿಯಲ್ಲ."

ಅತ್ತೆ ಒಳಗೆ ಹೋದರು. ಕ್ಷಮೆ ಕೇಳಲಿಲ್ಲ, ಕೇಳುವ ಜಾಯಮಾನವೂ ಅಲ್ಲ. ಸ್ಟೇಷನ್ನಿಗೆ ಹೇಳಿದ್ದ ಜಟಕಾ ಬಂದಾಗ ಬೇಡವೆಂದು ಕಳಿಸಿದರು. ಸಂಜೆ ನನ್ನ ತಟ್ಟೆಗೆ ತುಪ್ಪ ಹಾಕಿ, ಉಂಡು ಮುಗಿಸುವವರೆಗೆ ಎದುರಿಗೆ ಕೂತರು. ಮಾರನೆಯ ವಾರ ನನ್ನನ್ನು ಅಪ್ಪಯ್ಯನನ್ನು ನೋಡಿ ಬರಲೆಂದು ಕಳಿಸಿಕೊಟ್ಟರು, ಹಣ್ಣಿನ ಬುಟ್ಟಿಯೊಂದಿಗೆ. ಹಾಗೆಂದು ಅನುಮಾನ ಬಿಟ್ಟರು ಎಂದಲ್ಲ. ಮುಂದಿನ ನಾಲ್ಕು ತಿಂಗಳು, ಗಂಡ ವಾಪಸು ಬಂದ ಮೇಲೂ, ನನ್ನ ಹೊಟ್ಟೆಯ ಮೇಲೆ ಅವರ ಕಣ್ಣಿತ್ತು. ಅದು ಬೆಳೆಯಲಿಲ್ಲ. ಆಗ ಸಮಾಧಾನವಾಯಿತೋ ಏನೋ, ಗೊತ್ತಿಲ್ಲ.

ನಿಂತುಹೋದದ್ದಕ್ಕೆ ಕಾರಣವನ್ನು ಲ್ಯಾಬ್ ಅಕ್ಕ ನನಗೆ ಮಹಡಿಯ ಮೆಟ್ಟಿಲ ಮೇಲೆ ಕೂರಿಸಿ ಹೇಳಿದರು. "ಹೊಟ್ಟೆಗೆ ಇಲ್ಲ, ಮನಸ್ಸಿಗೆ ನೆಮ್ಮದಿ ಇಲ್ಲ ಅಂದ್ರೆ ಮೈ ಮೊದಲು ನಿಲ್ಲಿಸೋದು ಆ ಕೆಲಸಾನೇ ಕಣಮ್ಮ. ಮೇವಿಲ್ಲದಾಗ ಹಸು ಬೆದೆಗೆ ಬರಲ್ಲ, ನೋಡಿಲ್ವಾ? ಹಾಲೂಡಿಸೋ ಜಾತಿಗೆಲ್ಲ ಒಂದೇ ಕಟ್ಟಳೆ." ಆಮೇಲೆ ಕೈಚೀಲದಿಂದ ಒಂದು ಚೀಟಿ ತೆಗೆದರು. ಮೊದಲ ದಿನದ ಚೀಟಿ, ಅತ್ತೆಯಿಂದ ಕೇಳಿ ತಂದದ್ದು. ಬಸಿರು ಹೌದು ಎಂದು ಸೀಸದಕಡ್ಡಿಯಲ್ಲಿ ಬರೆದ ಕೂಡು ಗುರುತು, ಕೆಳಗೆ ಅವರ ರುಜು.

"ಹರಿದು ಹಾಕಿಬಿಡಿ ಅಕ್ಕ," ಎಂದೆ.

"ಬೇಡ. ನೀನೇ ಇಟ್ಕೋ. ನಾನು ಯಾರ ವಿಷಯಕ್ಕಾದ್ರೂ ನೋಡದೇನೇ ಮಾತಾಡಿದ್ರೆ ತಂದು ತೋರಿಸು."

ಅಂದಿನಿಂದ ಅವರ ವಾಕ್ಯಕ್ಕೆ ಬಾಲ ಸೇರಿತು: ಮೊದಲು ಕಪ್ಪೆ, ಆಮೇಲೆ ಬಾಟ್ಲಿ, ಆಮೇಲೆ ನಾನು, ಹೆಂಗಸು ಕೊನೆಗೆ. ನಾನು ಅವರನ್ನು ಒಡನೆ ಕ್ಷಮಿಸಿದೆ ಎಂದರೆ ಸುಳ್ಳಾಗುತ್ತದೆ. ಒಂದು ವರ್ಷ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದೆ. ಆ ತಪ್ಪನ್ನು ಅವರು ನುಂಗಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾನು ಮಾತ್ರ ಮುಳುಗುತ್ತಿದ್ದೆ ಎಂಬುದು ನಿಧಾನವಾಗಿ ತಲೆಗೆ ಇಳಿಯಿತು. ಎರಡು ವರ್ಷದ ಮೇಲೆ ನಿಜವಾಗಿ ಬಸಿರಾದಾಗ ನಾನೇ ಬಾಟಲಿ ಹಿಡಿದು ಮಹಡಿ ಹತ್ತಿದೆ. ಅವರು ಮುಟ್ಟಲಿಲ್ಲ. "ನಿನ್ನ ವಿಷಯದಲ್ಲಿ ನನ್ನ ಕಣ್ಣನ್ನ ನಾನು ನಂಬಲ್ಲ. ಹೌದು ಅಂತ ಬರಲಿ ಅಂತ ಆಸೆ ಇದೆ, ಆಸೆ ಇರೋರು ನೋಡ್ಬಾರ್ದು," ಎಂದು ಬೇರೆ ಲ್ಯಾಬಿಗೆ ಕಳಿಸಿದರು.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಕಪ್ಪೆಗಳ ಕಾಲ ಮುಗಿಯಿತು. ಗಾಜಿನ ಮೇಲೆ ಎರಡು ತೊಟ್ಟು ಬೆರೆಸಿದರೆ ನಿಮಿಷಗಳಲ್ಲಿ ಉತ್ತರ ಬರುವ ಮದ್ದು ಬಂತು. ಉಳಿದ ಕಪ್ಪೆಗಳನ್ನು ಅವರು ಪಲ್ಲಾವರದ ಕೆರೆಗೆ ಬಿಡಲು ಹೋದಾಗ ನಾನೂ ನನ್ನ ಮಗನ ಕೈಹಿಡಿದುಕೊಂಡು ಹೋಗಿದ್ದೆ. ಒಂದೊಂದನ್ನೇ ಅಂಗೈಯಲ್ಲಿಟ್ಟು ಹೊಟ್ಟೆ ನೋಡಿ ಬಿಟ್ಟರು. ವಾಪಸು ಬರುವಾಗ, "ಆ ಮದ್ದನ್ನ ಯಾರು ಅನುಮಾನಿಸ್ತಾರೆ?" ಎಂದು ಕೇಳಿದರು. ಮರುವರ್ಷ ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಇಳಿದು ಬರಲಿಲ್ಲ. ಅತ್ತೆಯೇ ಹತ್ತಿ ಹೋಗಿ ನೋಡಿದ್ದು. ನಿದ್ದೆಯಲ್ಲೇ ಹೋಗಿದ್ದರು. ಆ ದಿನ ವಠಾರದಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವರು ನನ್ನ ಅತ್ತೆ.

ಈಚೆಗೆ ನನ್ನ ಮಗನ ಮದುವೆಯಾಯಿತು. ಅವನು ಕೆಲಸದ ಮೇಲೆ ಊರೂರು ತಿರುಗುವವನು. ಸೊಸೆ ನನ್ನ ಜೊತೆ ಇರುತ್ತಾಳೆ. ಹೋದ ತಿಂಗಳು ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಅವಳು ಹೊರಗಾಗಿ ತಲೆಗೆ ನೀರು ಹಾಕಿಕೊಂಡು ಎಷ್ಟು ದಿನವಾಯಿತು ಎಂದು ಬೆರಳು ಮಡಚಿ ಎಣಿಸುತ್ತಿದ್ದೆ. ನನ್ನ ಎಡಗಣ್ಣು ಅರ್ಧ ಮುಚ್ಚಿತ್ತು. ಬೆರಳು ಬಿಟ್ಟು, ಒಳಗೆ ಹೋಗಿ, ಟ್ರಂಕಿನ ತಳದಿಂದ ಆ ಚೀಟಿ ತೆಗೆದು ನನಗೆ ನಾನೇ ತೋರಿಸಿಕೊಂಡೆ. ಆಮೇಲೆ ಸೊಸೆಯನ್ನು ಕರೆದು, ಊಟ ಆಯಿತೇ ಎಂದು ಕೇಳಿದೆ.