ಮಳೆಕೋಟಿನವನ ಮುಖ

ನನ್ನ ಅತ್ತೆ ನಾಮ್ ಜೊಮ್-ಸುನ್ ದಕ್ಷಿಣ ತೀರದ ಮೊಕ್ಪೊ ಬಂದರಿನ ಮಾರುಕಟ್ಟೆಯಲ್ಲಿ ಜೀವಮಾನವೆಲ್ಲ ಮೀನು ಮಾರಿದವರು. ಮಾವ ತೀರಿಕೊಂಡ ಮೇಲೆ ರಾಜಧಾನಿಯ ಪಕ್ಕದ ಬುಚಿಯೊನ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದರು. ಬಂದ ದಿನವೇ ನಾನು ಹಾಕಿದ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿ ತೆರೆದು, ಮೂಸಿ, ಏನೂ ಹೇಳದೆ ಮುಚ್ಚಿದರು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ನನ್ನ ಗಂಡ ಗಿ-ತೇ ಮೊಬೈಲ್ ಕಾಮಿಕ್ಸ್ ಬರೆಯುತ್ತಾನೆ. ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಚಿತ್ರ ಕಲಿತವರು, ಆದ್ದರಿಂದ ಏಕವಚನ. ಅವನು ಗೆರೆ ಎಳೆದರೆ ನಾನು ಬಣ್ಣ ತುಂಬುತ್ತೇನೆ. ಪ್ರತಿ ಗುರುವಾರ ಒಂದು ಕಂತು, ಹನ್ನೊಂದು ವರ್ಷದಿಂದ. ಅವನ ಮಣಿಕಟ್ಟಿಗೆ ನೋವಿನ ಪಟ್ಟಿ, ನನ್ನ ಸೊಂಟಕ್ಕೆ ಪಟ್ಟಿ. ನೆಂಟರ ಮದುವೆಗೆ ಹೋದರೂ ಊಟದ ಮೇಜಿನ ಮೇಲೆ ಬಣ್ಣ ತುಂಬುತ್ತಾ ಕೂತವಳು ನಾನು. ಸಾಕಾಗಿದೆ.

ಕತೆ ಗುಡ್ಡದ ಮೇಲಿನ ಒಂದು ಹಳೆಯ ಗಲ್ಲಿಯದು. ಅಲ್ಲಿನ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲು ಒಂದು ಕಂಪನಿ ಕಾಯುತ್ತಿರುತ್ತದೆ. ಆ ಗಲ್ಲಿಯಲ್ಲಿ ಒಬ್ಬ ಮಳೆಕೋಟಿನವನು ಓಡಾಡುತ್ತಾನೆ. ಮುಸುಕು ಮೂಗಿನವರೆಗೆ, ಮುಖ ಕಾಣುವುದಿಲ್ಲ. ಯಾರದೋ ಬಾಗಿಲಲ್ಲಿ ಬಿಸಿ ಊಟದ ಬಟ್ಟಲು ಇಟ್ಟು ಹೊರಟುಹೋಗುತ್ತಾನೆ. ಅವನು ಯಾರು ಎಂದು ಊಹಿಸುವುದೇ ಓದುಗರಿಗೆ ಕಸುಬು. ದೆವ್ವ ಅಂದವರಿದ್ದಾರೆ, ಮಫ್ತಿ ಪೊಲೀಸ್ ಅಂದವರಿದ್ದಾರೆ, ಕತೆಯ ಹುಡುಗಿಯ ಅಪ್ಪ ಎಂದು ಹಟ ಹಿಡಿದವರಿಗಂತೂ ಲೆಕ್ಕವಿಲ್ಲ.

ಅತ್ತೆ ಮೊದಲ ಸಲ ಫೋನಿನ ಪರದೆಯಲ್ಲಿ ಅವನನ್ನು ನೋಡಿದಾಗ ಸೋಯಾ ಮೊಳಕೆಯ ಬಾಲ ಚಿವುಟುತ್ತಿದ್ದರು. ಕೈ ನಿಂತಿತು.

"ಇವ್ನು ನಮ್ಮ ಗಿ-ಹ್ವಾನ್ ಕಣೇ."

ಗಿ-ಹ್ವಾನ್ ನನ್ನ ಗಂಡನ ಅಣ್ಣ. ಹೋಟೆಲಿನಿಂದ ಮನೆಮನೆಗೆ ನೂಡಲ್ಸ್ ಮುಟ್ಟಿಸುತ್ತಿದ್ದ ಹುಡುಗ, ಇಪ್ಪತ್ಮೂರನೇ ವಯಸ್ಸಿನಲ್ಲಿ ಬೈಕಿನಿಂದ ಬಿದ್ದು ಸತ್ತ. ಹೆತ್ತವರಿಗಿಂತ ಮುಂಚೆ ಹೋದ ಮಗನಿಗೆ, ಅದರಲ್ಲೂ ಮದುವೆಯಾಗದವನಿಗೆ, ನಮ್ಮಲ್ಲಿ ಎಡೆ ಇಡುವುದಿಲ್ಲ. ಇಡಬೇಕಾದವರು ಮಕ್ಕಳು, ಅವನಿಗೆಲ್ಲಿಯ ಮಕ್ಕಳು? ಮಾವ ಅವನ ಬಟ್ಟೆಬರೆಯ ಜೊತೆ ಫೋಟೊಗಳನ್ನೂ ಸುಟ್ಟು, ಇನ್ನು ಮೇಲೆ ಈ ಮನೆಯಲ್ಲಿ ಆ ಹೆಸರು ಎತ್ತಬಾರದು ಅಂದರಂತೆ. ಯಾರೂ ಎತ್ತಲಿಲ್ಲ. ಗಿ-ತೇ ನನ್ನನ್ನು ಮದುವೆಯಾಗಿ ಎರಡು ವರ್ಷದ ಮೇಲೆ, ಅದೂ ಕುಡಿದಾಗ, ತನಗೊಬ್ಬ ಅಣ್ಣ ಇದ್ದ ಎಂದು ಹೇಳಿದ್ದ.

ಪ್ರತಿ ಕಂತಿನ ಕೆಳಗೆ ಓದುಗರು ಕಾಮೆಂಟ್ ಬರೆಯುತ್ತಾರೆ. ಅತ್ತೆಗೆ ಫೋನಿನಲ್ಲಿ ಟೈಪ್ ಮಾಡಲು ಬರುವುದಿಲ್ಲ. ಗುರುವಾರ ಬೆಳಿಗ್ಗೆ ಕಂತು ನೋಡಿ ಮುಗಿಸಿದ ಕೂಡಲೇ ಕರೆಯುತ್ತಿದ್ದರು. "ಬಾರೇ ಇಲ್ಲಿ, ಬರಿ. ಗಿ-ಹ್ವಾನ್, ಚಳಿ ಜಾಸ್ತಿ, ಒಳಗೆ ಸ್ವೆಟರ್ ಹಾಕ್ಕೋ."

"ಅತ್ತೆ, ಇದನ್ನ ಲಕ್ಷಾಂತರ ಜನ ಓದ್ತಾರೆ."

"ಓದ್ಲಿ ಬಿಡು. ಅವ್ರೂ ಹಾಕ್ಕೊಳ್ಲಿ."

ಓದುಗರು ಅವರನ್ನು ಗಿ-ಹ್ವಾನನ ಅಮ್ಮ ಎಂದೇ ಕರೆಯತೊಡಗಿದರು. ಯಾರೋ ತಮಾಷೆಯ ಮುದುಕಿ ಅಂದುಕೊಂಡಿರಬೇಕು. 'ಅಮ್ಮಾ, ಇವತ್ತು ನಿಮ್ಮ ಮಗ ಕೆಮ್ಮಿದ' ಎಂದು ಕೀಟಲೆ ಮಾಡುತ್ತಿದ್ದರು. ನಾನು ಓದಿ ಹೇಳಿದರೆ ಅತ್ತೆ, "ನೋಡಿದೆಯಾ, ಎಷ್ಟು ಜನ ಅವನ್ನ ವಿಚಾರಿಸ್ತಾರೆ" ಅನ್ನುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು. ಮಳೆಕೋಟಿನವನು ಯಾರೆಂದು ನನಗೆ ಗೊತ್ತಿತ್ತು. ಅವನು ಕಂಪನಿಯ ಆಳು. ಅವನು ಬಟ್ಟಲು ಇಟ್ಟ ಮನೆಯನ್ನೇ ಮುಂದೆ ಖಾಲಿ ಮಾಡಿಸುವುದು. ಆ ಊಟ ಗುರುತು, ಅಷ್ಟೇ. ಗಿ-ತೇ ಮೊದಲ ಕಂತಿನಿಂದಲೂ ಹಾಗೇ ಕಟ್ಟಿದ್ದ.

ಈ ವಸಂತದಲ್ಲಿ ಒಬ್ಬ ಓದುಗ ಹಳೆಯ ಕಂತುಗಳನ್ನೆಲ್ಲ ತಿರುವಿಹಾಕಿ ಅದನ್ನೇ ಬರೆದುಬಿಟ್ಟ. ಎಲ್ಲರೂ ಲೈಕ್ ಒತ್ತಿದ್ದರಿಂದ ಆ ಕಾಮೆಂಟ್ ಮೇಲಕ್ಕೇರಿ ಕೂತಿತು. ನಮ್ಮ ಕಾಮಿಕ್ಸಿನ ಸಂಪಾದಕಿ ಫೋನ್ ಮಾಡಿ, ಗುಟ್ಟು ರಟ್ಟಾಯಿತು, ಮುಂದಿನ ಗುರುವಾರವೇ ಮುಸುಕು ತೆಗೆಸಿ ಅಂದಳು.

"ಬೇಡ ಕಣೋ," ಅಂದೆ ನಾನು. "ಅವನನ್ನ ಬೇರೆ ಯಾರನ್ನಾದ್ರೂ ಮಾಡು. ಒಳ್ಳೆಯವನನ್ನ ಮಾಡು. ಅತ್ತೆ ತಡ್ಕೊಳ್ಳಲ್ಲ."

"ಹನ್ನೊಂದು ವರ್ಷದ ಕತೆ ತಿರುಗ್ಸೋಕೆ ನನ್ ಕೈಲಿ ಶಕ್ತಿ ಎಲ್ಲಿದೆ?" ಅಂದ ಗಿ-ತೇ. ಸಿಟ್ಟಿನಿಂದಲ್ಲ. ಅವನಿಗೆ ಸಿಟ್ಟು ಮಾಡಲೂ ದಣಿವು. "ನಾನೇ ಹೇಳ್ತೀನಿ."

ಊಟಕ್ಕೆ ಕೂತಾಗ ಹೇಳಿಯೇಬಿಟ್ಟ. "ಅಮ್ಮ, ಆ ಮಳೆಕೋಟಿನವನು ಅಣ್ಣ ಅಲ್ಲ. ಅವನು ಮನೆ ಕೆಡವೋರ ಕಡೆಯೋನು."

ಅತ್ತೆ ಮುಳ್ಳು ಬಿಡಿಸಿದ ಮೀನನ್ನು ಅವನ ಅನ್ನದ ಮೇಲೆ ಇಟ್ಟರು.

"ನಂಗೊತ್ತಿಲ್ವೇನೋ? ಅವ್ನು ಬಟ್ಟಲು ಇಟ್ಟ ಮನೇವ್ರೆಲ್ಲ ಎಲ್ಹೋದ್ರು ಅಂತ ನಾನೂ ನೋಡ್ತಿದ್ದೆ. ಕಣ್ಣು ಮಂಜಾಗಿದೆ, ಕುರುಡಾಗಿಲ್ಲ."

"ಮತ್ತೆ ವಾರವಾರ ಅಣ್ಣನ ಹೆಸರು ಹಿಡಿದು ಯಾಕೆ ಬರೆಸ್ತಿದ್ದೆ?"

"ಇನ್ನೆಲ್ಲಿ ಕರೀಲಿ ಆ ಹೆಸರನ್ನ? ನಿಮ್ಮಪ್ಪ ಕರೆಯೋಕೆ ಬಿಡ್ಲಿಲ್ಲ. ಎಡೆ ಇಡೋ ಹಾಗಿಲ್ಲ. ಅವ್ರು ಹೋದ್ಮೇಲಾದ್ರೂ ನೀನು ಒಂದ್ಸಲ ಅಣ್ಣ ಅಂದ್ಯಾ? ಇವತ್ತೇ ಅಂದಿದ್ದು."

 

ಗುರುವಾರ ಮುಸುಕು ಕಳಚಿತು. ಚಪ್ಪಟೆ ಮುಖದ, ಯಾವ ವಿಶೇಷವೂ ಇಲ್ಲದ ನಡುವಯಸ್ಸಿನವನು. ಓದುಗರು ಬೈದರು, ಹೊಗಳಿದರು, ಮುಂಚೆಯೇ ಗೊತ್ತಿತ್ತು ಅಂದರು. ನಡುವೆ ಕೆಲವರು ಕೇಳಿದ್ದರು: ಗಿ-ಹ್ವಾನನ ಅಮ್ಮ ಎಲ್ಲಿ? ಇವನು ಅಲ್ಲವಾದರೆ ನಿಮ್ಮ ಮಗ ಯಾರು?

ಓದಿ ಹೇಳಿದೆ.  "ಬರಿ," ಅಂದರು ಅತ್ತೆ. "ನನ್ನ ಮಗ ಗಿ-ಹ್ವಾನ್ ಸತ್ತುಹೋಗಿದ್ದಾನೆ."

ಸತ್ತುಹೋಗಿದ್ದಾನೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ. ಪಕ್ಕದ ಕೋಣೆಯಲ್ಲಿ ಗೆರೆ ಎಳೆಯುತ್ತಿದ್ದ ಗಿ-ತೇ ಎದ್ದು ಬಂದು ಬಾಗಿಲಲ್ಲಿ ನಿಂತ.

"ಬರಿ, ಬರಿ. ಉದ್ದಕ್ಕಿದ್ದ. ನಗೋವಾಗ ಬಾಯಿಗೆ ಕೈ ಅಡ್ಡ ಹಿಡೀತಿದ್ದ. ಎಡಗೆನ್ನೆ ಮೇಲೆ ಒಂದು ಮಚ್ಚೆ."

"ಬಲಗೆನ್ನೆ, ಅಮ್ಮ," ಅಂದ ಗಿ-ತೇ.

"ಹೆತ್ತೋಳು ನಾನೋ ನೀನೋ? ಎಡಗೆನ್ನೆ."

"ನಾನು ಮಲಗ್ತಿದ್ದದ್ದು ಅವನ ಬಲಕ್ಕೆ. ಕಣ್ಣು ಬಿಟ್ರೆ ಮೊದಲು ಕಾಣ್ತಿದ್ದದ್ದೇ ಆ ಮಚ್ಚೆ."

 ಅತ್ತೆ ತಮ್ಮ ಎಡಗೆನ್ನೆ ಮುಟ್ಟಿಕೊಂಡರು, ಆಮೇಲೆ ಬಲಗೆನ್ನೆ. ತೆಗೆದು ನೋಡೋಣವೆಂದರೆ ಒಂದು ಫೋಟೊವೂ ಇಲ್ಲ. ಕಂಡವರ ಮುಸುಕಿನೊಳಗೆ ಯಾರಿದ್ದಾರೆ ಎಂದು ಇಡೀ ದೇಶ ಊಹಿಸಿ ಮುಗಿಸಿತ್ತು, ನಾವು ಮನೆಯ ಹುಡುಗನ ಕೆನ್ನೆ ಊಹಿಸುತ್ತಾ ಕೂತಿದ್ದೆವು. ನನಗೆ ಅಳು ಬಂತು, ಅತ್ತೆಗೆ ಬರಲಿಲ್ಲ.

"ಬಲಗೆನ್ನೆ ಅಂತ್ಲೇ ಬರಿಯೇ," ಅಂದರು ಕೊನೆಗೆ. "ಅವ್ರಿಬ್ರೂ ಮಲಗಿ ಏಳೋ ಹೊತ್ತಿಗೆ ನಾನು ಮೀನು ಮಾರೋಕೆ ಹೋಗಿರ್ತಿದ್ದೆ. ಅವ್ನನ್ನ ನೋಡ್ತಾ ಇದ್ದೋನು ಇವ್ನೇ."