ಬೆನ್ನಿಗೆ ಹಚ್ಚಿದ ಕಿವಿ

ಬೈಲಹೊಂಗಲದ ಒಂದು ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಸಂಶೋಧನಾ ವಿಧಾನದ ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚಿನವರು ಆಕಳಿಸಲು ಶುರು ಮಾಡುತ್ತಾರೆ. ಅವರ ತಪ್ಪೇನಿಲ್ಲ. ನಾವೇ ಹೋಗಿ, ಜನರ ಎದುರು ಕೂತು ಕೇಳಿ ಪಡೆದದ್ದು ಪ್ರಾಥಮಿಕ ದತ್ತಾಂಶ. ಬೇರೆ ಯಾರೋ ಮೊದಲೇ ಸಂಗ್ರಹಿಸಿಟ್ಟದ್ದನ್ನು ನಾವು ಬಳಸಿಕೊಂಡರೆ ಅದು ದ್ವಿತೀಯಕ. ಇಷ್ಟು ಬರೆದರೆ ಪಾಸು. ನಾನೂ ವರ್ಷಗಟ್ಟಲೆ ಹಾಗೇ ಒದರಿಕೊಂಡು ಬಂದವಳೇ.

ನಲವತ್ತು ದಾಟಿದ ಮೇಲೆ ನನಗೆ ಪಿಎಚ್.ಡಿ. ಹುಚ್ಚು ಹಿಡಿಯಿತು. ಜನರ ಮೊಟ್ಟಮೊದಲ ನೆನಪು ಯಾವುದು ಎಂಬುದು ನನ್ನ ವಿಷಯ. ಮೊಬೈಲಿನಲ್ಲಿ ರೆಕಾರ್ಡ್ ಹಚ್ಚಿಕೊಂಡು ಊರೂರು ಅಲೆದೆ. ಕಿತ್ತೂರಿನಲ್ಲಿ ಒಬ್ಬರು ತಮ್ಮ ತೊಟ್ಟಿಲು ಕಟ್ಟಿದ ದಿನವೇ ನೆನಪಿದೆ ಎಂದು ಆಣೆ ಮಾಡಿದರು. ಹೆಂಡತಿ ಒಳಗಿನಿಂದ, "ಮುಂಜಾನಿ ಕಿಲಿ ಎಲ್ಲಿ ಇಟ್ಟೀರಿ ಅದು ನೆನಪ ಆಗವಲ್ದು, ತೊಟ್ಲ ನೆನಪ ಅದ ಅಂತ!" ಎಂದರು. ಉಗರಗೋಳದಲ್ಲಿ ಕುಂಕುಮದ ಅಂಗಡಿಯವರು ಗಿರಾಕಿಗಳ ನಡುವೆ ನೆನಪನ್ನು ತುಂಡು ತುಂಡಾಗಿ ಕೊಟ್ಟರು. ಕೇಳಿ ಕೇಳಿ ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

ಹಾಗಿರುವಾಗ ಸವದತ್ತಿಯಲ್ಲಿ ಆ ಅಕ್ಕ ಸಿಕ್ಕರು. ಗಂಡನ ಜೊತೆ ಜೆರಾಕ್ಸ್ ಅಂಗಡಿ ನಡೆಸುವವರು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ತವರು ಪೌರೋಹಿತ್ಯದ ಮನೆತನ. ಈಗ ಅಣ್ಣಂದಿರಲ್ಲಿ ಒಬ್ಬರು ಗುತ್ತಿಗೆದಾರರು, ಇನ್ನೊಬ್ಬರು ಬ್ಯಾಂಕಿನಲ್ಲಿದ್ದಾರೆ. ಅಕ್ಕನಿಗೆ ಮೂರು ತುಂಬುವ ಮೊದಲೇ ತಾಯಿ ಜ್ವರದಿಂದ ತೀರಿಹೋಗಿದ್ದರು.

"ನಂದೊಂದು ನೆನಪ ಅದರಿ ಬಾಯಾರ," ಎಂದರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಬಾಯಾರೇ. "ಅವ್ವ ಕೂತು ಜ್ವಾಳದ ಭಕ್ರಿ ಬಡೀತಿದ್ಲು. ನಾ ಹಿಂದ ನಿಂತು ಅಕಿ ಬೆನ್ನಿಗೆ ಕಿವಿ ಹಚ್ಚಿದ್ದೆ. ಆ ಸಪ್ಪಳ ಹೊರಗಿಂದ ಅಲ್ಲರಿ, ಬೆನ್ನಿನ ಒಳಗಿಂದ ಬರತಿತ್ತು."

"ಅವ್ವನ ಮುಖ ಕಾಣತದೇನ್ರಿ?"

"ಇಲ್ಲರಿ. ಮಾರಿ ಫೋಟೋದಾಗಿಂದು ಗೊತ್ತು. ಇದರೊಳಗ ಬೆನ್ನ ಅಷ್ಟ." ಮಾತಿನಲ್ಲಿ ಹೇಳಿ ಸಾಕಾಗದೆ ಎದ್ದು ಬಂದು ನನ್ನ ಹಿಂದೆ ನಿಂತರು. ಎಡ ಹೆಗಲಿನ ಕೆಳಗೆ ಅಂಗೈ ಇಟ್ಟರು. "ಇಲ್ಲೆ ಕುಣೀತಿತ್ರಿ. ಇಲ್ಲೆ ಗಲ್ಲ ಹಚ್ಚಿದರ ಗಲ್ಲಾನೂ ಕುಣೀತಿತ್ತು. ಆ ಕಡೆ ಹಚ್ಚಿದರ ಅಷ್ಟ ಇಲ್ಲ."

ಕೈಸನ್ನೆ ಧ್ವನಿಯಲ್ಲಿ ಸಿಗುವುದಿಲ್ಲವಲ್ಲ, ಹಾಗಾಗಿ ಅಭ್ಯಾಸಬಲದಿಂದ, "ಅಕ್ಕಾರು ನನ್ನ ಬೆನ್ನಿನ ಎಡಕ್ಕ ಕೈ ಇಟ್ಟಾರ" ಎಂದು ಮೊಬೈಲಿಗೆ ಹೇಳಿದೆ. ಅಷ್ಟೇ. ಅದರಲ್ಲಿ ಏನಿದೆ ಎಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಅವರು ನನ್ನ ಮುಂದೆ ಕೂತು ಕೇಳಿದ ಪ್ರಶ್ನೆ ನನ್ನ ಇಡೀ ಪ್ರಶ್ನಾವಳಿಯನ್ನು ಮೂಲೆಗೆ ತಳ್ಳಿತು.

"ನಮ್ಮ ಅಣ್ಣಗೋಳು ನಗತಾರ್ರಿ. ನೀ ಅಷ್ಟು ಸಣ್ಣಾಕಿ ಇದ್ದಿ, ಅದು ನಿನ್ನ ನೆನಪಲ್ಲ, ಅತ್ಯಾ ಹೇಳಿದ್ದು ಕೇಳಿ ಕೇಳಿ ನಿಂದು ಅನಕೊಂಡೀದಿ ಅಂತಾರ. ಅವ್ವನ ಬಗ್ಗೆ ನನಗ ಗೊತ್ತಿದ್ದದ್ದು ಎಲ್ಲಾ ಅತ್ಯಾನೇ ಹೇಳಿದ್ದು, ಖರೆ. ಆದ್ರ ಇದೊಂದರೆ ನಂದು ಅನಕೊಂಡೀನಿ. ಇದೂ ಅತ್ಯಾಂದೇ ಆದ್ರ, ಅವ್ವಂದು ಅಂತ ನನ್ನ ಹತ್ರ ಏನೂ ಉಳಿಯಂಗಿಲ್ಲ. ನೀವು ಕಲತವರು. ನಂದೋ ಅಲ್ಲೋ, ಹೇಳ್ರಿ."

ಅತ್ಯಾ ಅಂದರೆ ಅವರ ಸೋದರತ್ತೆ, ತಂದೆಯ ತಂಗಿ. ಅಷ್ಟು ಎಳೆಯ ವಯಸ್ಸಿನ ನೆನಪನ್ನು ನಮ್ಮ ಶಾಸ್ತ್ರ ಸುಲಭಕ್ಕೆ ನಂಬುವುದಿಲ್ಲ; ಕೇಳಿದ ಕಥೆ ಕಂಡ ನೆನಪಾಗಿ ಕೂತುಬಿಡುವುದು ಬಹಳ. ಹಾಗೆಂದು ಅವರ ಮುಖ ನೋಡಿಕೊಂಡು ಹೇಳಲಾದೀತೇ? "ಅತ್ಯಾರನ್ನ ಕೇಳಲೇನ್ರಿ?" ಎಂದೆ. "ಕೇಳ್ರಿ," ಎಂದರು. "ಆದ್ರ ನಾ ಹೇಳಿದ್ದು ಅಕಿ ಮುಂದ ಹೇಳಬ್ಯಾಡ್ರಿ." ಹಾಗೆ ಹೇಳುವುದು ನನ್ನ ಕೆಲಸಕ್ಕೂ ಸಲ್ಲದು.

ಅತ್ಯಾ ಇದ್ದದ್ದು ರಾಮದುರ್ಗದಲ್ಲಿ. ಬಸ್ಸು ಮುನವಳ್ಳಿ ದಾಟುವವರೆಗೂ ನನಗೆ ಒಂದೇ ಪುಕುಪುಕು. ಉತ್ತರ 'ಅಲ್ಲ' ಅಂತ ಬಂದರೆ ಅದನ್ನು ಹೊತ್ತುಕೊಂಡು ವಾಪಸ್ ಹೋಗಬೇಕಾದವಳು ನಾನೇ ತಾನೆ?

ಅತ್ಯಾ ಎಪ್ಪತ್ತು ದಾಟಿದವರು, ಚುರುಕು ಅಂದರೆ ಚುರುಕು. "ಕೂಡ್ರಿ ಬಾಯಾರ. ಮೊದಲ ಅವಲಕ್ಕಿ, ಆಮ್ಯಾಲೆ ನಿಮ್ಮ ಪ್ರಶ್ನಿ," ಎಂದು ತಾಟು ಕೈಗಿಟ್ಟರು. ಅಣ್ಣನ ಹೆಂಡತಿಯನ್ನು ಅವರು ವೈನಿ ಎನ್ನುತ್ತಿದ್ದರು. ವೈನಿ ಉಡುತ್ತಿದ್ದ ಸೀರೆ, ವೈನಿಯ ಉದ್ದ ಜಡೆ, ಎಲ್ಲ ಬಂತು. ವೈನಿ ಅಡುಗೆ ಹೇಗೆ ಮಾಡುತ್ತಿದ್ದರು ಎಂದು ಕೇಳಿದೆ.

"ಅಯ್ಯ, ಅಕಿ ಭಕ್ರಿ! ಕಾಗದದಂಗ ತೆಳ್ಳಗ. ಕೂಸು ಬೆನ್ನ ಬಿಡತಿದ್ದಿಲ್ಲ, ಅಂಟಿಕೊಂಡ ನಿಂದರತಿತ್ತು. ಇದನ್ನ ನಾ ಆ ಕೂಸಿಗೆ ಸಾವಿರ ಸಲ ಹೇಳೀನಿ."

ಭಕ್ರಿಯೂ ಹೋಯಿತು, ಬೆನ್ನೂ ಹೋಯಿತು. ಎರಡೂ ಅತ್ಯಾ ಹೇಳಿದ್ದೇ.

ಅತ್ಯಾ ಬಾಗಿಲ ಕಡೆ ನೋಡಿದರು. ಮನೆಯಲ್ಲಿ ಯಾರೂ ಇರಲಿಲ್ಲ, ಆದರೂ ದನಿ ಇಳಿಸಿದರು. "ಒಂದು ಮಾತದ. ಯಾರ ಮುಂದೂ ಹೇಳಿಲ್ಲ. ವೈನಿ ಎಡಚಿ ಇದ್ಲು. ಭಕ್ರಿ ಎಡಗೈಲೆ ಬಡೀತಿದ್ಲು. ನಮ್ಮದು ಮಡಿ ಮನಿ, ನೈವೇದ್ಯದ ಅಡಗಿ ಎಡಗೈಲೆ ಅಂದ್ರ ಊರ ಮಂದಿ ಏನಂತಾರ? ನಮ್ಮವ್ವ, ಅಂದ್ರ ವೈನಿ ಅತ್ತಿ, ಅಡಗಿಮನಿ ಬಾಗಲಾ ಮುಚ್ಚಸ್ತಿದ್ಲು. ಹೊರಗ ಕೂತವರಿಗೆ, ಗಂಡ ಹುಡುಗರಿಗೂ, ಬರೇ ಸಪ್ಪಳ. ಸಪ್ಪಳ ಎರಡೂ ಕೈದು ಒಂದ."

ತಾಟು ಕೆಳಗಿಟ್ಟೆ. "ಈ ಮಾತು ಅಕ್ಕಾರಿಗೆ ಹೇಳೀರೇನ್ರಿ?"

"ದೇವರಾಣಿ ಇಲ್ಲ. ಕೂಸೂ ಎಡಗೈ ಚಾಚತದೇನೋ ಅಂತ ನಮ್ಮವ್ವಗ ಅಂಜಿಕಿ. ವೈನಿ ಸತ್ತ ಮ್ಯಾಲೂ ಆ ಮಾತು ಎತ್ತಬ್ಯಾಡ್ರಿ ಅಂತ ಆಣಿ ಹಾಕಿಸಿದ್ಲು."

"ಮನ್ಯಾಗ ಮತ್ತ್ಯಾರರೆ ಎಡಗೈಲೆ ಬಡೀತಿದ್ರೇನು?"

"ನಾ ಬಡದ್ರೂ ಬಲಗೈ, ನಮ್ಮವ್ವ ಬಡದ್ರೂ ಬಲಗೈ."

ಬಡಿಯುವ ಕೈಯ ಕಡೆಯ ಬೆನ್ನೇ ಕುಣಿಯುವುದು; ಅಕ್ಕ ಕೈ ಇಟ್ಟದ್ದು ಎಡಕ್ಕೆ. ಒಂದು ಇಡೀ ಮನೆ ಸೇರಿ ಬಾಗಿಲು ಮುಚ್ಚಿ, ಆಣೆ ಹಾಕಿ ಅಡಗಿಸಿಟ್ಟದ್ದು ಒಂದು ಕೂಸಿನ ಗಲ್ಲಕ್ಕೆ ಗೊತ್ತಿತ್ತು! ಎಡ ಬಲ ಎಂಬ ಮಾತೇ ಇನ್ನೂ ಬಾರದ ಕೂಸು. ಅದು ಅದನ್ನು ಅರ್ಧ ಶತಮಾನ, ಅರ್ಥವೇನೆಂದು ತಿಳಿಯದೆ, ಒಂದು ಚೂರೂ ಕೆಡಿಸದೆ ಇಟ್ಟುಕೊಂಡಿತ್ತು. ಯಾರೂ ಹೇಳದ್ದನ್ನು ಯಾರಿಂದ ಕೇಳಿರಲು ಸಾಧ್ಯ? ನಾನು ಕಲಿಸುವ ಪ್ರಾಥಮಿಕ, ದ್ವಿತೀಯಕದ ಪಾಠ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅಲ್ಲೇ ಕೂತು ಗಳಗಳ ಅತ್ತುಬಿಟ್ಟೆ. ಅತ್ಯಾ ಗಾಬರಿಯಾಗಿ ನೀರು ತಂದರು.

ಅಳು ಯಾಕೆಂದು ಅತ್ಯಾಗೆ ಹೇಳಲು ಅಕ್ಕನ ಒಪ್ಪಿಗೆ ಬೇಕಿತ್ತು. ಫೋನು ಹಚ್ಚಿದೆ. "ಅಕ್ಕಾರ, ಅದು ನಿಮ್ಮದರಿ," ಎಂದೆ. ಆ ಕಡೆ ಜೆರಾಕ್ಸ್ ಯಂತ್ರ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ, "ನಾನ ಬರತೀನಿ," ಎಂದರು.

ಮುಂದಿನ ರವಿವಾರ ಇಬ್ಬರೂ ರಾಮದುರ್ಗಕ್ಕೆ ಹೋದೆವು. ಅಕ್ಕ ಹಚ್ಚಲು ಹೇಳಿದ ಮೇಲೆಯೇ ನಾನು ಸವದತ್ತಿಯ ಆ ರೆಕಾರ್ಡ್ ಹಚ್ಚಿದೆ. "ಎಡಕ್ಕ ಕೈ ಇಟ್ಟಾರ" ಎಂಬ ನನ್ನ ದನಿ ಬಂದಾಗ ಅತ್ಯಾ ಬಾಯಿಗೆ ಸೆರಗು ಒತ್ತಿಕೊಂಡರು. ಎಡಗೈಯ ಮಾತನ್ನು ಅವರೇ ಅಕ್ಕನಿಗೆ ಹೇಳಿದರು. ಅಕ್ಕ ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಇಷ್ಟು ವರ್ಷ ನಾ ಹೇಳತಿದ್ದೆ, ನೀ ಕೇಳತಿದ್ದಿ," ಎಂದರು ಅತ್ಯಾ. "ಇವತ್ತ ನಾ ಕೇಳತೀನಿ. ಆ ಮುಚ್ಚಿದ ಬಾಗಲದ ಒಳಗ ವೈನಿ ಹೆಂಗ ಇದ್ಲು? ನಾವು ಎಂದೂ ಕೇಳಲಿಲ್ಲ. ಅಳತಿದ್ಲೇನು?"

ಅಕ್ಕ ನನ್ನ ಕಡೆ ತಿರುಗಿದರು. "ಒಂದು ನಿಮಗ ಹೇಳಿದ್ದಿಲ್ಲರಿ ಬಾಯಾರ. ಇರಲಿ, ನನಗೊಂದು ಇರಲಿ ಅಂತ ಇಟಗೊಂಡಿದ್ದೆ." ನಾನು ಮೊಬೈಲು ಪರ್ಸಿನೊಳಗೆ ಹಾಕಿದೆ. ಅವರು ಅತ್ಯಾನ ಹತ್ತಿರ ಸರಿದು ಕೂತರು.

"ಇಲ್ಲ ಅತ್ಯಾ, ಅಳತಿದ್ದಿಲ್ಲ. ಬೆನ್ನಿನ ಒಳಗ ಗುಂಯ್ ಅಂತಿತ್ತು. ಹಾಡಕೋತಿದ್ಲು."